ಬೆಳೆದ ಕಣ್ಣು

ಮೂವತ್ತೊಂದು ವರ್ಷದಲ್ಲಿ ತಾನು ಮಾಡಿಕೊಟ್ಟ ಒಂದು ಕಣ್ಣೂ ವಾಪಸ್ ಬಂದಿಲ್ಲ ಎಂಬುದು ಕಣ್ಣಜ್ಜಿಯ ದೊಡ್ಡ ಹೆಮ್ಮೆ. ಈ ವಿಷಯ ಬೀದಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವರು ಯಾರಾದರೂ ಸಿಕ್ಕರೆ ಅಜ್ಜಿಯೇ ನಿಲ್ಲಿಸಿ ಹೇಳುತ್ತಿದ್ದಳು. ಅಪಘಾತದಲ್ಲೋ ಕಾಯಿಲೆಯಲ್ಲೋ ಒಂದು ಕಣ್ಣು ಕಳೆದುಕೊಂಡವರಿಗೆ ಅಕ್ರಿಲಿಕ್ಕಿನ ಕಣ್ಣು ಮಾಡಿಕೊಡುವುದು ಆ ಮನೆಯ ಕಸುಬು. ಅಚ್ಚು ತೆಗೆಯುವುದು, ಬೇಯಿಸುವುದು, ಉಜ್ಜಿ ಹೊಳಪು ಬರಿಸುವುದು ಸೊಸೆಯ ಪಾಲು. ಬಣ್ಣ ಬರೆಯುವುದು ಅಜ್ಜಿಯ ಪಾಲು, ಅದರಲ್ಲಿ ಯಾರೂ ಕೈಯಾಡಿಸುವಂತಿಲ್ಲ. ಸೊಸೆ ಆರು ವರ್ಷ ಪಕ್ಕದಲ್ಲಿ ಕೂತು ನೋಡಿದ್ದಳು, ಕಣ್ಣಿನ ನಡುವೆ ಕೂರಿಸುವ ಬಿಲ್ಲೆಗಳಲ್ಲಿ ಕೆಲಸಕ್ಕೆ ಬಾರದವುಗಳ ಮೇಲೆ ಬರೆದು ಬರೆದು ಕೈ ಪಳಗಿಸಿಕೊಂಡಿದ್ದಳು. ಆದರೂ ಗಿರಾಕಿಯ ಕಣ್ಣಿಗೆ ಅವಳ ಕುಂಚ ಇನ್ನೂ ಸೋಕಿರಲಿಲ್ಲ. "ಇನ್ನೂ ಸ್ವಲ್ಪ ದಿನ ಹೋಗ್ಲಿ" ಎನ್ನುತ್ತಿದ್ದಳು ಅಜ್ಜಿ. ಆ ಸ್ವಲ್ಪ ದಿನ ಅಂದರೆ ಎಷ್ಟು ದಿನ ಎಂದು ಕೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಮಗನಿಗೆ ಮಾತ್ರ ಚೂರುಪಾರು ಇತ್ತು. ಅವನು ಬಸ್ ಡಿಪೋದಲ್ಲಿ ವೇಳಾಪಟ್ಟಿ ಹಾಕುವವನು. ಯಾವ ಗಾಡಿ ಎಷ್ಟು ಹೊತ್ತಿಗೆ ಹೊರಡಬೇಕು, ಯಾವುದನ್ನು ಯಾವಾಗ ನಿಲ್ಲಿಸಬೇಕು ಅನ್ನುವುದೇ ಅವನ ತಲೆಯಲ್ಲಿ ಸದಾ ಓಡುತ್ತಿರುತ್ತದೆ. ಒಂದು ದಿನ ಊಟಕ್ಕೆ ಕೂತಾಗ, "ಅಮ್ಮ, ಅರವತ್ತಾರು ಆಯ್ತು. ಇನ್ನು ಸಾಕು ಮಾಡ್ಬಾರ್ದಾ?" ಅಂದ. ಅಜ್ಜಿಗೆ ಮೂಗಿನ ತುದಿಯಲ್ಲೇ ಕೋಪ. ತಟ್ಟೆ ಪಕ್ಕಕ್ಕೆ ಸರಿಸಿ, ಕಡ್ಡಿ ಮುರಿದ ಹಾಗೆ ಹೇಳಿದಳು: "ನಾನು ಮಾಡಿದ ಒಂದೇ ಒಂದು ಕಣ್ಣು ಹೊಂದಲಿಲ್ಲ ಅಂತ ವಾಪಸ್ ಬರ್ಲಿ, ಅವತ್ತೇ ಕುಂಚ ನಿನ್ನ ಹೆಂಡ್ತಿ ಕೈಗೆ ಕೊಟ್ಟು ಆ ಕುರ್ಚಿಯಿಂದ ಏಳ್ತೀನಿ. ಅಲ್ಲೀವರೆಗೂ ಈ ಮಾತು ಎತ್ತಬೇಡ." ಮಗ ಎತ್ತಲಿಲ್ಲ. ಈ ಮಾತು ನಡೆದು ಒಂದು ತಿಂಗಳಾಗಿತ್ತೋ ಇಲ್ಲವೋ, ದ್ವೀಪದ ಮೇಷ್ಟ್ರು ಬಂದರು.

ಮೇಷ್ಟ್ರಿಗೆ ನಲವತ್ತೆರಡು. ಚಿಕ್ಕಂದಿನಲ್ಲಿ ಆಟದ ಬಯಲಿನಲ್ಲಿ ಪೆಟ್ಟು ಬಿದ್ದು ಎಡಗಣ್ಣು ಹೋಗಿತ್ತು. ಹಾಕಿಕೊಂಡಿದ್ದ ಹಳೆಯ ಕೃತಕ ಕಣ್ಣು ಬಣ್ಣಗೆಟ್ಟು, ಶಾಲೆಯ ಮಕ್ಕಳು ಪಾಠ ಬಿಟ್ಟು ಅದನ್ನೇ ನೋಡುತ್ತಾರೆ ಅನ್ನುವುದು ಅವರ ಸಂಕಟ. ದ್ವೀಪದಿಂದ ಲಾಂಚಿನಲ್ಲಿ ಮೂರು ಗಂಟೆಯ ದಾರಿ. ಅವರು ಹೆಂಡತಿಯನ್ನು ಕರೆದುಕೊಂಡು ಬಂದಿದ್ದರು, ಅಥವಾ ಹೆಂಡತಿ ಅವರನ್ನು ಕರೆದುಕೊಂಡು ಬಂದಿದ್ದಳು. ಮಾತೆಲ್ಲ ಆಕೆಯದೇ ಆಗಿದ್ದರಿಂದ ಎರಡನೆಯದೇ ನಿಜವಿರಬೇಕು. ಮೇಷ್ಟ್ರು ಬಂದವರೇ ನೀರು ಕೇಳಿದರು. ಒಂದು ಲೋಟ ಆಯಿತು, ಎರಡು ಆಯಿತು, ಕೊನೆಗೆ ಸೊಸೆ ಜಗ್ಗನ್ನೇ ತಂದು ಮುಂದಿಟ್ಟಳು. ಹೆಸರು, ವಿಳಾಸ ಬರೆಯುವ ಹಾಳೆ ಕೊಟ್ಟರೆ ಹತ್ತಿರ ಹಿಡಿದರು, ದೂರ ಹಿಡಿದರು, ಕಡೆಗೆ ಹೆಂಡತಿಯ ಕೈಗೆ ದಾಟಿಸಿದರು. "ದಾರಿಯ ಸುಸ್ತು ಅಜ್ಜಿ" ಅಂದಳು ಆಕೆ.

ಇಲ್ಲಿ ಈ ಕಸುಬಿನ ಒಂದು ಕಷ್ಟ ಹೇಳಬೇಕು. ನಿಜವಾದ ಕಣ್ಣಿನ ಪಾಪೆ, ಅಂದರೆ ನಡುವಿನ ಕರಿ ಚುಕ್ಕೆ, ಬೆಳಕಿಗೆ ಕಿರಿದಾಗುತ್ತದೆ, ಕತ್ತಲಿಗೆ ಅಗಲವಾಗುತ್ತದೆ. ಬರೆದ ಪಾಪೆ ಬರೆದಷ್ಟೇ ಇರುತ್ತದೆ. ಹಾಗಾದರೆ ಎಷ್ಟು ಬರೆಯಬೇಕು? ಇಬ್ಬರು ಎದುರುಬದುರು ಕೂತು ಹಗಲಲ್ಲಿ ಮಾತಾಡುವಾಗ ಎಷ್ಟಿರುತ್ತದೋ ಅಷ್ಟು ಅನ್ನುವುದು ಅಜ್ಜಿಯ ಲೆಕ್ಕ. ಅದಕ್ಕಾಗಿ ಗಿರಾಕಿಯನ್ನು ಕಿಟಕಿಯ ಪಕ್ಕ ಕೂರಿಸಿ ಒಂದು ಗಂಟೆ ಹರಟೆ ಹೊಡೆಯುತ್ತಾಳೆ. ನಡುನಡುವೆ ಎರಡು ಮಿಲಿಮೀಟರಿನಿಂದ ಎಂಟರವರೆಗೆ ಕಪ್ಪು ಚುಕ್ಕೆಗಳಿರುವ ಒಂದು ರಟ್ಟನ್ನು ಅವರ ಕೆನ್ನೆಯ ಹತ್ತಿರ ಹಿಡಿದು ಹೋಲಿಸುತ್ತಾಳೆ. ಸಾಮಾನ್ಯವಾಗಿ ಮೂರೂವರೆ, ಹೆಚ್ಚೆಂದರೆ ನಾಲ್ಕು. ಮೇಷ್ಟ್ರದು ಏಳು. ಕಿಟಕಿಯ ಕಡೆ ತಿರುಗಿಸಿದರೂ ಏಳೇ.

"ಸೋಮಾರಿ ಪಾಪೆ ನಿಮ್ದು" ಅಂದಳು ಅಜ್ಜಿ. ಹಿಂದೆ ಒಂದಿಬ್ಬರಲ್ಲಿ ಹೀಗೆ ಅಲ್ಲಾಡದ ಪಾಪೆ ನೋಡಿದ್ದಳು. ಸೊಸೆ ಮೆಲ್ಲಗೆ, "ಅತ್ತೆ, ಜಾಸ್ತಿ ಅನ್ಸಲ್ವಾ?" ಅಂದಳು. ಅಜ್ಜಿ ದುರುಗುಟ್ಟಿ ನೋಡಿ, "ಕಂಡದ್ದನ್ನ ಬರೀಬೇಕು. ಇರಬೇಕಾದ್ದನ್ನಲ್ಲ" ಅಂದಳು. ಬರೆದಳು. ಮೇಷ್ಟ್ರ ದಂಪತಿ ನೆಂಟರ ಮನೆಯಲ್ಲಿ ಉಳಿದುಕೊಂಡು ಮೂರನೆಯ ದಿನ ಬಂದು ಹಾಕಿಸಿಕೊಂಡರು. ಎಡ ಯಾವುದು, ಬಲ ಯಾವುದು, ನಿಜ ಯಾವುದು ಅಂತ ಹೇಳುವ ಹಾಗಿರಲಿಲ್ಲ. ಮೇಷ್ಟ್ರ ಹೆಂಡತಿ ಬಾಯಿ ಮುಚ್ಚಿ ನಿಂತುಬಿಟ್ಟಳು ಅಂದರೆ ಎಷ್ಟು ಹೊಂದಿರಬೇಕು ನೀವೇ ಯೋಚಿಸಿ. ಮೇಷ್ಟ್ರು ಕನ್ನಡಿಯನ್ನು ಕೈಯುದ್ದ ದೂರ ಹಿಡಿದು ನೋಡಿಕೊಂಡು ಅಜ್ಜಿಗೆ ಕೈ ಮುಗಿದರು.

ಐದನೇ ದಿನ ಫೋನು ಬಂತು. ಮೇಷ್ಟ್ರ ಹೆಂಡತಿಯದು. "ಅಜ್ಜಿ, ನೀವು ಮಾಡಿಕೊಟ್ಟ ಕಣ್ಣು ಬೆಳೆದಿದೆ."

"ಏನಾಗಿದೆ?"

"ಬೆಳೆದಿದೆ. ಒಂದೆರಡು ದಿನ ಸರಿಯಾಗೇ ಇತ್ತು. ಆಮೇಲೆ ಅದರ ಕರಿ ಚುಕ್ಕೆ ದೊಡ್ಡದಾಗ್ತಾ ಹೋಗಿ, ಇವತ್ತು ನೋಡಿದ್ರೆ ಇನ್ನೊಂದು ಕಣ್ಣಿನ ಡಬ್ಬಲ್ ಇದೆ."

"ಪ್ಲಾಸ್ಟಿಕ್ ಬೆಳೆಯಲ್ಲ ಕಣಮ್ಮ. ಅದೇನು ಗಿಡವಾ?"

"ನನಗೇನು ಗೊತ್ತು? ನಾವು ನೀರಲ್ಲೇ ತೊಳೀತಿರೋದು."

ಮುಂದಿನ ವಾರ ಇಬ್ಬರೂ ಮತ್ತೆ ಲಾಂಚು ಹತ್ತಿ ಬಂದರು. ಅಜ್ಜಿ ಮೇಷ್ಟ್ರನ್ನು ಕಿಟಕಿಯ ಪಕ್ಕ ಕೂರಿಸಿದಳು, ರಟ್ಟು ಹಿಡಿದಳು. ಬಲಗಣ್ಣು ಏಳು, ಎಡಗಣ್ಣು ಏಳು. ಎರಡಕ್ಕೂ ಕೂದಲೆಳೆಯ ವ್ಯತ್ಯಾಸ ಇಲ್ಲ. ಮೇಷ್ಟ್ರ ಹೆಂಡತಿ ಗಂಡನ ಗಲ್ಲ ಹಿಡಿದು ಆ ಕಡೆ ಈ ಕಡೆ ತಿರುಗಿಸಿ, ಇಂಗು ತಿಂದ ಮಂಗನ ಹಾಗೆ ಮುಖ ಮಾಡಿಕೊಂಡಳು. "ನಿನ್ನೆಯವರೆಗೂ ಹೀಗಿರ್ಲಿಲ್ಲ ಅಜ್ಜಿ, ನನ್ನಾಣೆ" ಅಂದಳು. ಮೇಷ್ಟ್ರು ಜಗ್ಗಿನ ನೀರು ಬಗ್ಗಿಸಿಕೊಂಡು ಕುಡಿದರು. ಅಜ್ಜಿ ಬಿಡುತ್ತಾಳೆಯೇ? ಮೂವತ್ತೊಂದು ವರ್ಷದ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಕೇಳಿಸಿ, ಬಾಗಿಲವರೆಗೆ ಬಂದು ಕಳಿಸಿಕೊಟ್ಟಳು. ರಾತ್ರಿ ಎರಡು ತುತ್ತು ಜಾಸ್ತಿಯೇ ಉಂಡಳು.

ಆರು ದಿನ ಆಗಿತ್ತು. ಈ ಸಲ ಫೋನಲ್ಲ, ಫೋಟೊ. ಸೊಸೆಯ ಮೊಬೈಲಿಗೆ ಬಂತು. ಮೇಷ್ಟ್ರು ತಮ್ಮ ಮನೆಯ ಕಿಟಕಿಯ ಮುಂದೆ ನಿಂತು ನೇರ ನೋಡುತ್ತಿದ್ದಾರೆ. ಬಲಗಣ್ಣಿನ ಪಾಪೆ ಮೆಣಸಿನ ಕಾಳಿನಷ್ಟು. ಎಡಗಣ್ಣಿನದು ಅದರ ಎರಡರಷ್ಟು. ಕೆಳಗೆ ಮೇಷ್ಟ್ರ ಹೆಂಡತಿ ಬರೆದಿದ್ದಳು: "ಸಂಜೆ ದೀಪ ಹಾಕಿದ ಮೇಲೆ ಸರಿ ಹೋಗುತ್ತೆ, ಬೆಳಿಗ್ಗೆ ಮತ್ತೆ ಬೆಳೆಯುತ್ತೆ. ಮಕ್ಕಳು ನಗ್ತಿದಾರೆ. ಇದನ್ನ ವಾಪಸ್ ತಗೊಳ್ಳಿ."

ವಾಪಸ್ ಅನ್ನುವ ಪದ ಓದಿದ ಅಜ್ಜಿ ಸೊಸೆಯ ಮುಖ ನೋಡಿದಳು. ಸೊಸೆ ಮೊಬೈಲು ಮಗುಚಿಟ್ಟು, "ಯಾವುದೋ ಬೆಳಕಲ್ಲಿ ತೆಗೆದಿರ್ತಾರೆ, ಬಿಡಿ ಅತ್ತೆ" ಅಂದಳು. ಅವಳು ಅಂದದ್ದು ಸಮಾಧಾನಕ್ಕೆ. ಆದರೆ ಸಂಜೆ ಡಿಪೋದಿಂದ ಬಂದು ಹೆಂಡತಿಯಿಂದ ಆ ಬೆಳಕಿನ ಮಾತು ಕೇಳಿಸಿಕೊಂಡ ಮಗ ಕಿಟಕಿಯ ಹತ್ತಿರ ಹೋಗಿ ನಿಂತ. ಅಲ್ಲಿ ಪರದೆ ಅರ್ಧ ಎಳೆದಿತ್ತು.

"ಅಮ್ಮ, ಈ ಪರದೆ ಯಾವಾಗಿಂದ ಹೀಗಿದೆ?"

"ಎರಡು ವರ್ಷ ಆಯ್ತೇನೋ. ಬಿಸಿಲು ಚುಚ್ಚುತ್ತೆ."

"ಮುಂಚೆ ಚುಚ್ಚುತ್ತಿರಲಿಲ್ಲ. ನಿನಗೆ ವಯಸ್ಸಾದ ಹಾಗೆ ರೂಮು ಕತ್ತಲೆ ಆಗಿದೆ. ಕತ್ತಲೇಲಿ ಎಲ್ಲರ ಪಾಪೆನೂ ಅಗಲ ಆಗುತ್ತೆ. ನೀನು ಅದನ್ನ ಅಳೆದು ಬರೆದಿದ್ದೀಯ. ಅದಕ್ಕೇ ಇಲ್ಲಿ ಸರಿ ಹೊಂದುತ್ತೆ, ಬೆಳಕಿಗೆ ಹೋದ್ರೆ ಹೊಂದಲ್ಲ." ಅವನು ಚುಚ್ಚಲು ಹೇಳಿದ್ದಲ್ಲ, ಪಾಪ. ಬಸ್ಸು ಯಾಕೆ ತಡವಾಯಿತು ಅಂತ ಕಾರಣ ಹುಡುಕುವ ದನಿಯಲ್ಲೇ ಹೇಳಿದ. ಅದಕ್ಕೇ ಅಜ್ಜಿಗೆ ಹೆಚ್ಚು ತಾಗಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಆ ರಾತ್ರಿ ಅಜ್ಜಿ ಹೆದರಿದಳು. ಮುಚ್ಚುಮರೆ ಏನು, ನಿಜವಾಗಿ ಹೆದರಿದಳು. ಬಣ್ಣ ಬರೆಯದಿದ್ದರೆ ಬೆಳಿಗ್ಗೆ ಎದ್ದು ಏನು ಮಾಡುವುದು? ಬರುವ ಗಿರಾಕಿಗಳಿಗೆ ನೀರು ಕೊಟ್ಟುಕೊಂಡು ಮೂಲೆಯಲ್ಲಿ ಕೂರುವುದೇ? ಬೆಳಿಗ್ಗೆ ಕುಂಚಗಳ ಡಬ್ಬಿ ತಂದು ಸೊಸೆಯ ಮೇಜಿನ ಮೇಲೆ ಇಟ್ಟಳು. ಸೊಸೆ ಅದನ್ನು ಎತ್ತಿ ತಿರುಗಿ ಅಜ್ಜಿಯ ಮೇಜಿನ ಮೇಲಿಟ್ಟಳು. "ಹೀಗೆ ಕೊಟ್ರೆ ನಾನು ತಗೊಳ್ಳಲ್ಲ. ಮೊದಲು ಏನಾಗಿದೆ ಅಂತ ಗೊತ್ತಾಗ್ಲಿ" ಅಂದಳು. ಅಜ್ಜಿಗೆ ಅಳು ಬಂತು, ಆದರೆ ಸೊಸೆಯ ಮುಂದೆ ಅಳುವವಳಲ್ಲ. ಮೂಗು ಸುರಿಯುತ್ತಿದೆ ಅಂತ ಸೆರಗಿನಲ್ಲಿ ಒರೆಸಿಕೊಂಡಳು.

ಗೊತ್ತಾಗಲಿ ಅಂದರೆ ಗೊತ್ತಾಗಲೇಬೇಕು. ಅಜ್ಜಿ ರಟ್ಟು ಹಿಡಿದುಕೊಂಡು ಕಂಡಕಂಡವರನ್ನೆಲ್ಲ ಕಿಟಕಿಯ ಪಕ್ಕ ಕೂರಿಸತೊಡಗಿದಳು. ಪರದೆ ಎಳೆದು ಒಂದು ಸಲ, ತೆರೆದು ಒಂದು ಸಲ. ಮಗ ಕೂತ, ಸೊಸೆ ಕೂತಳು. ಕೆಳಗಿನ ಮನೆಯ ದರ್ಜಿ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಬಂದು ಕೂತ. ಕಾಗದ ಕೊಡಲು ಬಂದ ಅಂಚೆಯವನು ಸಹಿ ಹಾಕಿಸಿಕೊಳ್ಳಬೇಕಾದರೆ ಮೊದಲು ಕಣ್ಣು ತೋರಿಸಬೇಕಾಯಿತು. ಎಲ್ಲರದೂ ಒಂದೇ ಲೆಕ್ಕ: ಪರದೆ ಎಳೆದಾಗ ನಾಲ್ಕು, ತೆರೆದಾಗ ಮೂರು. ಏಳು ಅನ್ನುವುದು ಎಲ್ಲೂ ಇಲ್ಲ. ಹಾಗಾದರೆ ಮಗನ ಪರದೆಯ ಕಥೆ ಸುಳ್ಳು. ಆದರೆ ಅಳೆದವರು ಯಾರು? ಯಾರ ಕಣ್ಣಿನ ಮೇಲೆ ಅನುಮಾನವೋ ಆ ಅಜ್ಜಿಯೇ ತಾನೆ?

ಎದುರು ಸಾಲಿನಲ್ಲಿ ಔಷಧಿ ಅಂಗಡಿ ಇಟ್ಟಿರುವವನು ಅಜ್ಜಿಯ ತಮ್ಮ. ಅರವತ್ತು ದಾಟಿದವನು. ಅಕ್ಕ ಕರೆದಳೆಂದು ಅಂಗಡಿಯನ್ನು ಕೆಲಸದವಳಿಗೆ ಬಿಟ್ಟು ಬಂದು ಕೂತ. ಪರದೆ ಎಳೆದು ನೋಡಿದಳು, ಎರಡು. ತೆರೆದು ನೋಡಿದಳು, ಎರಡು. ಕಿಟಕಿ ಬಾಗಿಲನ್ನೇ ಮುಚ್ಚಿ, ಕೋಣೆ ಕತ್ತಲು ಮಾಡಿ, ಸಣ್ಣ ಟಾರ್ಚು ಓರೆಯಾಗಿ ಹಿಡಿದು ನೋಡಿದಳು. ಆಗಲೂ ಎರಡು. ಅಜ್ಜಿ ರಟ್ಟನ್ನು ಮೇಜಿನ ಮೇಲೆ ಹಾಕಿ, "ಮುಗೀತು. ನನ್ನ ಕಣ್ಣು ಹೋಗಿದೆ" ಅಂದಳು.

"ನಿನ್ನ ಕಣ್ಣಿಗೇನೂ ಆಗಿಲ್ಲಕ್ಕ" ಅಂದ ತಮ್ಮ. "ನನ್ನ ಪಾಪೆ ಇರೋದೇ ಎರಡು. ಕಣ್ಣಿನ ಒತ್ತಡಕ್ಕೆ ಹನಿ ಹಾಕ್ಕೋತೀನಲ್ಲ, ಅದರ ಕೆಲಸ ಅದು."

"ಹನಿ ಹಾಕಿದ್ರೆ ಪಾಪೆ ಯಾಕೆ ಸಣ್ಣ ಆಗುತ್ತೆ?"

ತಮ್ಮನಿಗೆ ಇಂಥ ಪ್ರಶ್ನೆ ಕೇಳುವವರು ವರ್ಷಕ್ಕೊಬ್ಬರೂ ಸಿಗುವುದಿಲ್ಲ. ಕಾಲು ಚಾಚಿ ಕೂತ. "ಕೈ ಎತ್ತು ಅಂದ್ರೆ ಕೈ ಎತ್ತುತ್ತೆ. ಅದು ನಿನ್ನ ಮಾತು ಕೇಳೋ ನರ. ಎದೆ ಬಡಿ, ಅನ್ನ ಅರಗಿಸು, ಬಾಯಲ್ಲಿ ನೀರೂರಿಸು ಅಂತ ಯಾವತ್ತಾದ್ರೂ ಹೇಳಿದ್ದೀಯಾ? ಅವಕ್ಕೆ ಬೇರೆ ನರಗಳಿವೆ. ನಮ್ಮನ್ನ ಒಂದು ಮಾತೂ ಕೇಳದೆ ತಮ್ಮ ಪಾಡಿಗೆ ದುಡೀತಿರ್ತವೆ. ಅದರಲ್ಲೂ ಎರಡು ಪಂಗಡ. ಒಂದು, ಏಳು, ಓಡು ಅನ್ನೋ ಪಂಗಡ. ಎದೆ ಜೋರಾಗಿ ಬಡಿಸುತ್ತೆ, ಪಾಪೆ ಅಗಲ ಮಾಡುತ್ತೆ. ಇನ್ನೊಂದು, ಕೂತ್ಕೋ, ಉಣ್ಣು, ಮಲಗು ಅನ್ನೋ ಪಂಗಡ. ಹೊಟ್ಟೆ ನಡೆಸುತ್ತೆ, ಜೊಲ್ಲು ಸುರಿಸುತ್ತೆ, ಪಾಪೆ ಕಿರಿದು ಮಾಡುತ್ತೆ. ನನ್ನ ಹನಿ ಈ ಎರಡನೇ ಪಂಗಡದ ಬೆನ್ನು ತಟ್ಟುತ್ತೆ. ಅದಕ್ಕೇ ಕತ್ತಲೇಲೂ ಪಾಪೆ ಮುದುರ್ಕೊಂಡಿದೆ."

"ನಿನ್ನ ಹಾಗೇ ಅನ್ನು. ಉಣ್ಣೋದು, ಮಲಗೋದು."

"ಅನ್ನು, ಅನ್ನು."

"ಬೆನ್ನು ತಟ್ಟೋದರ ಬದಲು ಅದರ ಕೈ ಕಟ್ಟಿಹಾಕೋ ಔಷಧಿ ಇಲ್ವಾ?"

"ಇಲ್ದೆ ಏನು? ಬೇಕಾದಷ್ಟಿವೆ. ಅದರ ಕೈ ಕಟ್ಟಿದ್ರೆ ಪಾಪೆ ಅಗಲ ಆಗಿ ಹಾಗೇ ನಿಂತುಬಿಡುತ್ತೆ. ಬಾಯಿ ಒಣಗುತ್ತೆ. ಹತ್ತಿರದ ಅಕ್ಷರ ಮಂಜಾಗುತ್ತೆ."

ಅಜ್ಜಿ ತಟ್ಟನೆ ಎದ್ದು ನಿಂತಳು. ಜಗ್ಗು ಜಗ್ಗು ನೀರು ಕುಡಿದ ಮೇಷ್ಟ್ರು, ಹಾಳೆ ಓದಲಾರದೆ ಹೆಂಡತಿಗೆ ಕೊಟ್ಟ ಮೇಷ್ಟ್ರು ಕಣ್ಣ ಮುಂದೆ ಬಂದರು. ಕೂಡಲೇ ದ್ವೀಪಕ್ಕೆ ಫೋನು ಮಾಡಿಸಿದಳು. "ಮೇಷ್ಟ್ರು ಏನಾದ್ರೂ ಔಷಧಿ ತಗೋತಾರಾ?"

"ಒಂದು ಮಾತ್ರೆನೂ ಇಲ್ಲ. ತಲೆನೋವು ಬಂದ್ರೂ ಮಲಗಿ ಕಳೀತಾರೆ."

"ಕಣ್ಣಿಗೆ ಹನಿ?"

"ಯಾವುದೂ ಇಲ್ಲ ಅಜ್ಜಿ. ನೀವು ಮಾತು ಮರೆಸಬೇಡಿ, ಕಣ್ಣಿನ ಕಥೆ ಏನು ಹೇಳಿ."

ಬಂದ ಆಸೆ ಬಂದಷ್ಟೇ ಬೇಗ ಹೋಯಿತು. ಮೂರನೆಯ ದಿನ ಅಜ್ಜಿ, "ಆ ಪಾಪೆನ ಅದರ ಮನೇಲೇ ಹೋಗಿ ನೋಡ್ತೀನಿ. ನಾನು ತಪ್ಪು ಮಾಡಿದ್ರೆ ಅವರ ಎದುರಿಗೇ ಒಪ್ಕೋತೀನಿ" ಅಂದಳು. ಮನೆಯವರೆಲ್ಲ ಮುಖಮುಖ ನೋಡಿಕೊಂಡರು. ಅಜ್ಜಿಗೆ ಬಸ್ಸಿನಲ್ಲಿ ಹತ್ತು ನಿಮಿಷ ಕೂತರೆ ಹೊಟ್ಟೆ ತೊಳಸುತ್ತದೆ, ಮೂರು ಗಂಟೆ ಲಾಂಚಿನಲ್ಲಿ ಹೋಗುವುದುಂಟೇ? ಸೊಸೆ ತಾನೂ ಬರುತ್ತೇನೆಂದು ಹೊರಟಳು. ತಮ್ಮ ಅಂಗಡಿಯಿಂದ ಒಂದು ಸಣ್ಣ ಪೊಟ್ಟಣ ತಂದುಕೊಟ್ಟ.

"ನಿನಗೆ ಕಣ್ಣಿನ ಒತ್ತಡ ಇಲ್ಲ ತಾನೆ?"

"ಹೋದ ವರ್ಷ ಡಾಕ್ಟ್ರು ನೋಡಿ ಇಲ್ಲ ಅಂದಿದ್ರು."

"ಹಾಗಾದ್ರೆ ಸರಿ. ನಾನಾದ್ರೆ ಇದನ್ನ ಮುಟ್ಟೋ ಹಾಗಿಲ್ಲ. ಇದರಲ್ಲಿ ಗುಂಡಗೆ ಒಂದು ಪಟ್ಟಿ ಇದೆ. ಹೊರಡೋ ನಾಲ್ಕು ಗಂಟೆ ಮುಂಚೆ ಕಿವಿ ಹಿಂದೆ ಅಂಟಿಸ್ಕೋ, ವಾಂತಿ ಬರಲ್ಲ. ಅಂಟಿಸಿದ ಮೇಲೆ ಸೋಪು ಹಾಕಿ ಕೈ ತೊಳಿ. ಮರೆತೂ ಆ ಕೈಯಲ್ಲಿ ಕಣ್ಣು ಮುಟ್ಟಬೇಡ."

"ಮುಟ್ಟಿದ್ರೆ?"

"ಮುಟ್ಟಿದ್ರೆ ಪಾಪೆ ಅಗಲ..." ಅಂದವನು ಅಲ್ಲಿಗೇ ನಿಂತ. ಅಕ್ಕ ತಮ್ಮನ ಮುಖ ನೋಡಿದಳು, ತಮ್ಮ ಅಕ್ಕನ ಮುಖ ನೋಡಿದ. ಅಷ್ಟು ದೊಡ್ಡ ಭಾಷಣ ಮಾಡಿದವನಿಗೆ ತನ್ನದೇ ಅಂಗಡಿಯ ಡಬ್ಬಿ ನೆನಪಾಗಿರಲಿಲ್ಲ ಅನ್ನುವುದು ಅವನ ಮುಖದಲ್ಲೇ ಬರೆದಿತ್ತು. ಅಜ್ಜಿ ಬೈಯಲಿಲ್ಲ, ಬೈಯಲು ಪುರುಸೊತ್ತೇ ಇರಲಿಲ್ಲ. ಫೋನಿನ ಕಡೆ ಓಡಿದಳು.

"ಮೇಷ್ಟ್ರು ಲಾಂಚು ಹತ್ತುವಾಗ ಕಿವಿ ಹಿಂದೆ ಏನಾದ್ರೂ ಅಂಟಿಸ್ಕೋತಾರಾ?"

"ಹೂಂ, ಪಟ್ಟಿ. ಇಲ್ದಿದ್ರೆ ದಾರಿಯುದ್ದ ವಾಂತಿ."

"ಮತ್ತೆ ಔಷಧಿ ಏನೂ ಇಲ್ಲ ಅಂದ್ರಲ್ಲ?"

"ಅದು ಪಟ್ಟಿ ಅಜ್ಜಿ. ನುಂಗಲ್ಲ, ಕುಡಿಯಲ್ಲ. ಅದು ಹೇಗೆ ಔಷಧಿ ಆಗುತ್ತೆ?"

"ಅಂಟಿಸ್ಕೊಂಡ ಕೈಯಲ್ಲಿ ಕಣ್ಣು ಒರೆಸ್ಕೋತಾರಾ?"

"ಒರೆಸ್ಕೊಳ್ದೆ? ಇರೋದೊಂದು ಕಣ್ಣು, ಅದಕ್ಕೆ ಉಪ್ಪುನೀರು ಎರಚುತ್ತೆ. ಪಟ್ಟಿ ಬಿದ್ದೋಯ್ತೇನೋ ಅಂತ ಒಂದು ಸಲ ಕಿವಿ ಮುಟ್ಟಿ ನೋಡ್ಕೋತಾರೆ, ಒಂದು ಸಲ ಕಣ್ಣು ಒರೆಸ್ಕೋತಾರೆ. ದಾರಿಯುದ್ದ ಅದೇ ಕೆಲಸ."

ಫೋನಿಟ್ಟ ಅಜ್ಜಿ ನಕ್ಕಳು ನೋಡಿ, ಕೆಳಗಿನ ದರ್ಜಿ ಮಿಷನ್ನು ನಿಲ್ಲಿಸಿ ಮೇಲೆ ನೋಡಿದ. ಬೆಳೆದದ್ದು ತಾನು ಮಾಡಿದ ಕಣ್ಣಲ್ಲ. ಔಷಧಿಯಿಂದ ಅರಳಿ ನಿಂತಿದ್ದ ನಿಜವಾದ ಪಾಪೆ ದ್ವೀಪಕ್ಕೆ ಹೋಗಿ ನಾಲ್ಕು ದಿನಕ್ಕೆ ತನ್ನ ಅಳತೆಗೆ ಇಳಿಯುತ್ತಿತ್ತು. ಅಜ್ಜಿ ಕಂಡದ್ದನ್ನೇ ಬರೆದಿದ್ದಳು, ಅಷ್ಟೇ. ಮೂವತ್ತೊಂದು ವರ್ಷ ಜನರನ್ನು ಮುಂದಿನಿಂದ ನೋಡಿದವಳು ಕಿವಿಯ ಹಿಂದೆ ಯಾಕೆ ನೋಡುತ್ತಾಳೆ? ಸಂಜೆಯೊಳಗೆ ಬೀದಿಗೆಲ್ಲ ಸುದ್ದಿ ಮುಟ್ಟಿತು. ಮಗ ತಾನೇ ಎದ್ದು ಪರದೆ ಅರ್ಧ ಎಳೆದು, "ನಿನಗೆ ಹೇಗೆ ಬೇಕೋ ಹಾಗೆ ಇಟ್ಕೋಮ್ಮ" ಅಂದ.

ಮೇಷ್ಟ್ರನ್ನು ಮತ್ತೆ ಪಟ್ಟಿ ಅಂಟಿಸಿಕೊಂಡು ಬನ್ನಿ ಅನ್ನುವಂತಿಲ್ಲ, ಅಂಟಿಸಿಕೊಳ್ಳದೆ ಬನ್ನಿ ಎಂದರೆ ಪಾಪ, ದಾರಿಯಲ್ಲೇ ಜೀವ ಹೋಗುತ್ತದೆ. ಆದ್ದರಿಂದ ಅಜ್ಜಿ, ಸೊಸೆ ಇಬ್ಬರೂ ಹೊಸ ಬಿಲ್ಲೆ, ಬಣ್ಣ, ಕುಂಚದ ಡಬ್ಬಿ ಕಟ್ಟಿಕೊಂಡು ಲಾಂಚು ಹತ್ತಿದರು. ಅಜ್ಜಿ ಪಟ್ಟಿ ಅಂಟಿಸಿಕೊಂಡು ಎರಡು ಸಲ ಸೋಪು ಹಾಕಿ ಕೈ ತೊಳೆದಿದ್ದಳು. ಸೊಸೆಗೆ ಪಟ್ಟಿಯ ಹಂಗೇ ಇರಲಿಲ್ಲ, ದಾರಿಯುದ್ದ ಕಡಲೆಕಾಯಿ ಬಿಡಿಸಿಕೊಂಡು ತಿಂದಳು. ಅಜ್ಜಿಗೆ ವಾಂತಿ ಬರಲಿಲ್ಲ, ಬಾಯಿ ಮಾತ್ರ ಒಣಗಿ ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು. ನಡು ದಾರಿಯಲ್ಲಿ ಗಾಳಿ ಜೋರಾಯಿತು, ನೀರು ಎರಚಿತು. ಅಜ್ಜಿ ಆ ಅಲೆಗಳನ್ನು ಬೈದುಕೊಂಡು ಮುಖ ಒರೆಸಿಕೊಂಡಳು.

ಮೇಷ್ಟ್ರ ಮನೆ ದಡದಿಂದ ನಾಲ್ಕು ಹೆಜ್ಜೆ. ಪುಸ್ತಕ ತುಂಬಿದ ಕೋಣೆ, ಉದ್ದನೆಯ ಮೇಜು, ದೊಡ್ಡ ಕಿಟಕಿ. ಅಜ್ಜಿ ಮೊದಲು ಮೇಷ್ಟ್ರ ಹೆಂಡತಿಗೆ ನಡೆದದ್ದನ್ನೆಲ್ಲ ವಿವರಿಸಿದಳು. ಸಂಜೆ ದೀಪದ ಬೆಳಕಿನಲ್ಲಿ ನಿಜವಾದ ಪಾಪೆಯೂ ಅಗಲವಾಗುತ್ತದೆ, ಅದಕ್ಕೇ ಆಗ ಎರಡೂ ಹೊಂದುತ್ತವೆ ಅಂದಳು. "ಇದನ್ನ ವಾಪಸ್ ತಗೊಂಡು ಹೊಸದು ಕೊಡ್ತೀನಿ" ಎಂದು ಕೈ ಚಾಚಿದರೆ, ಆಕೆ ಕಣ್ಣಿನ ಡಬ್ಬಿಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು. "ಹಾಗಾದ್ರೆ ನಾನು ಕೊಡಲ್ಲ. ಸಂಜೆ ಹೊತ್ತಿಗೆ ಇದು ಇರ್ಲಿ. ಇದನ್ನ ಹಾಕ್ಕೊಂಡ್ರೆ ಇವರು ಮದುವೆ ಹೊಸದರಲ್ಲಿ ನೋಡ್ತಿದ್ರಲ್ಲ, ಹಾಗೆ ನೋಡ್ತಾರೆ" ಅಂದಳು. ಮೇಷ್ಟ್ರು ಕೆಮ್ಮಿ ಕಿಟಕಿಯ ಕಡೆ ತಿರುಗಿದರು. ಅಂತೂ ಮೂವತ್ತೊಂದು ವರ್ಷದ ಲೆಕ್ಕಕ್ಕೆ ಈ ಸಲವೂ ಧಕ್ಕೆ ಬರಲಿಲ್ಲ.

ಅಜ್ಜಿ ಗತ್ತಿನಿಂದ ಮೇಜಿನ ಮುಂದೆ ಕೂತಳು. ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ರಟ್ಟು ಎತ್ತಿದಳು. ಬೆಳಕು ಸೂಜಿಯಿಂದ ಚುಚ್ಚಿದ ಹಾಗಾಯಿತು. ಚುಕ್ಕೆಗಳ ಅಂಚು ಹರಡಿಕೊಂಡು, ಮೂರು ಯಾವುದು ನಾಲ್ಕು ಯಾವುದು ಗೊತ್ತಾಗಲಿಲ್ಲ. ಗಾಜು ಒರೆಸಿದಳು, ಮತ್ತೆ ನೋಡಿದಳು, ಮತ್ತೆ ಒರೆಸಿದಳು. ಸೊಸೆ ಹತ್ತಿರ ಬಂದು ಅತ್ತೆಯ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು.

"ಅತ್ತೆ, ನಿಮ್ಮ ಬಲಗಣ್ಣು ಬೆಳೆದಿದೆ."

"ಏನು?"

"ಏಳು ಇದೆ. ಎಡಗಣ್ಣು ಮೂರು. ಲಾಂಚಲ್ಲಿ ಪಟ್ಟಿ ಒತ್ತಿ ನೋಡ್ಕೊಂಡ್ರಿ. ಆಮೇಲೆ ನೀರು ಎರಚ್ತು ಅಂತ ಕಣ್ಣು ಒರೆಸ್ಕೊಂಡ್ರಿ."

ಇಡೀ ಬೀದಿಗೆ ಪಾಠ ಹೇಳಿ ಬಂದವಳು ತಾನೇ ಅದೇ ಹಳ್ಳಕ್ಕೆ ಬಿದ್ದಿದ್ದಳು. ಮೇಷ್ಟ್ರ ಹೆಂಡತಿ ನಗು ತಡೆಯಲಾಗದೆ ಒಳಗೆ ಓಡಿದಳು. ಅಜ್ಜಿಗೂ ನಗು ಬಂತು. "ಎಡಗಣ್ಣಿಗೆ ಹತ್ತಿರದ್ದು ಮೊದಲೇ ಕಾಣಲ್ಲ, ಇನ್ನು ನಾಲ್ಕು ದಿನ ಈ ಕಣ್ಣೂ ಕೆಲಸಕ್ಕೆ ಬರಲ್ಲ" ಅಂದಳು. ಮೇಷ್ಟ್ರು, "ಅದಕ್ಕೇನಂತೆ, ನಾಲ್ಕು ದಿನ ಇಲ್ಲೇ ಇರಿ. ನಿಮ್ಮ ಕಣ್ಣು ಸರಿಯಾದ ಮೇಲೆ ಬರೀರಿ. ನಾನು ಕಾಯ್ತೀನಿ" ಅಂದರು.

ಇರಬಹುದಿತ್ತು. ಹೂಂ ಅನ್ನಲು ಅಜ್ಜಿ ಬಾಯಿ ತೆರೆದಳು ಕೂಡ. ಅಷ್ಟರಲ್ಲಿ ಸೊಸೆ ರಟ್ಟು ತೆಗೆದುಕೊಂಡು ಮೇಷ್ಟ್ರ ಎದುರು ಕೂತಿದ್ದಳು. ಶಾಲೆ, ಮಕ್ಕಳು, ಲಾಂಚಿನ ಹೊತ್ತು ಅಂತ ಹರಟೆ ಹೊಡೆಯುತ್ತಾ, ನಡುನಡುವೆ ನೋಡಿ ತನ್ನಷ್ಟಕ್ಕೆ ತಾನೇ ಹೇಳಿಕೊಳ್ಳುತ್ತಿದ್ದಳು: "ಮೂರೂವರೆ. ಕಂದು ಬಣ್ಣ ಅಂಚಿಗೆ ಹೋಗ್ತಾ ಕಪ್ಪಾಗಿದೆ. ಕೆಳಗಡೆ, ಮೂಗಿನ ಕಡೆ ಒಂದು ಹಳದಿ ಗೆರೆ." ಹಳದಿ ಗೆರೆ. ಎರಡು ಸಲ ಕೂರಿಸಿ ನೋಡಿದ್ದ ಅಜ್ಜಿಗೆ ಆ ಗೆರೆ ಕಂಡಿರಲಿಲ್ಲ. ಪಾಪೆ ಅರಳಿದಾಗ ಅದು ಮುದುರಿಕೊಂಡು ಮುಚ್ಚಿಹೋಗಿತ್ತು. ಈಗ ತನ್ನ ಕಣ್ಣು ಸರಿ ಇದ್ದಿದ್ದರೆ ತಾನು ಹಿಡಿಯುತ್ತಿದ್ದೆನೇ? ಹಿಡಿಯುತ್ತಿದ್ದೆ ಅನ್ನಿಸಿತು. ಇವಳೂ ಹಿಡಿದಳು ಅನ್ನುವುದೂ ಅನ್ನಿಸಿತು, ಹೊಟ್ಟೆಕಿಚ್ಚಾಗಲಿಲ್ಲ, ಸಂತೋಷವಾಯಿತು. ಹಾಗೆ ಸಂತೋಷವಾದದ್ದು ಅವಳಿಗೇ ಆಶ್ಚರ್ಯ.

ಕುಂಚದ ಡಬ್ಬಿಯನ್ನು ಮೇಜಿನ ಮೇಲೆ ಆ ಕಡೆ ತಳ್ಳಿದಳು. "ನೀನು ಬರಿ."

ಸೊಸೆ ಮುಟ್ಟಲಿಲ್ಲ. "ನಾಲ್ಕು ದಿನ ಕಾಯಬಹುದು ಅತ್ತೆ."

"ಗೊತ್ತು. ನಾನು ಸೋತು ಕೊಡ್ತಿಲ್ಲ, ತಿಳ್ಕೋ. ನಾಲ್ಕು ದಿನ ಬಿಟ್ಟು ನಾನೂ ಬರೀತೀನಿ, ಆ ಕುರ್ಚಿ ಏನೂ ಬಿಡಲ್ಲ. ಇದನ್ನ ನೀನು ಬರಿ."

ಸೊಸೆ ಬರೆದಳು. ಎರಡು ಗಂಟೆ ಹಿಡಿಯಿತು. ಅಜ್ಜಿ ಕೈ ಕಟ್ಟಿಕೊಂಡು, ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು, ಲೋಟದ ಮೇಲೆ ಲೋಟ ನೀರು ಕುಡಿಯುತ್ತಾ ಕೂತಿದ್ದಳು. ಬಾಯಿ ತೆರೆದು ಒಂದು ಸಲಹೆಯನ್ನೂ ಕೊಡಲಿಲ್ಲ. ಅದು ಅವಳ ಜೀವಮಾನದ ಎರಡು ಕಷ್ಟದ ಗಂಟೆಗಳು. ಕೊನೆಗೆ ಸೊಸೆ ಬಿಲ್ಲೆಯ ಮೇಲೆ ಒಂದು ಹನಿ ನೀರು ಬಿಟ್ಟಳು. ಬಣ್ಣ ಅಕ್ರಿಲಿಕ್ಕಿನೊಳಗೆ ಹೇಗೆ ಕಾಣುತ್ತದೆ ಎಂದು ನೋಡುವ ಕ್ರಮ ಅದು. ಚಿಮಟದಲ್ಲಿ ಹಿಡಿದು ಮೇಷ್ಟ್ರ ಬಲಗಣ್ಣಿನ ಪಕ್ಕಕ್ಕೆ ಒಯ್ದು ಬಹಳ ಹೊತ್ತು ನೋಡಿದಳು. ಆಮೇಲೆ ಅದನ್ನು ಅಜ್ಜಿಯ ಮುಂದೆ ಹಿಡಿದಳು.

"ಸರಿ ಇದೆಯಾ ಅತ್ತೆ?"

ಅಜ್ಜಿ ಹತ್ತಿರ ತಂದು ನೋಡಿದಳು, ದೂರ ಇಟ್ಟು ನೋಡಿದಳು. ಕಂದು ಬಣ್ಣದ ಒಂದು ಮಂಜು, ನಡುವೆ ಒಂದು ಕಪ್ಪು ಮಂಜು.

"ನನಗೆ ಕಾಣ್ತಿಲ್ಲ. ನೀನೇ ಹೇಳು."

ಸೊಸೆ ಮತ್ತೊಮ್ಮೆ ಬಿಲ್ಲೆಯನ್ನು ನೋಡಿದಳು, ಮೇಷ್ಟ್ರ ಕಣ್ಣನ್ನು ನೋಡಿದಳು. "ಸರಿ ಇದೆ" ಅಂದಳು.

"ಹಾಗಾದ್ರೆ ಸರಿ ಇದೆ. ಕಟ್ಟು, ಮನೇಲಿ ಬೇಯಿಸಿ ಕಳಿಸಿದ್ರಾಯ್ತು. ಲಾಂಚಿಗೆ ಹೊತ್ತಾಯ್ತು" ಅಂದಳು ಅಜ್ಜಿ.